ಬಂದ ಮರುದಿನವೂ ಪ್ರಯಾಣದ ದಿನವೇ

ಕೇಳುಗರಿಗೆ ನಮಸ್ಕಾರ.

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯವರಿಗೆ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯವರಿಗೆ ಜರ್ಮನಿ ಈಗ ದೂರದ ಊರಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನದಲ್ಲಿ ಹತ್ತು ಗಂಟೆ ಹೆಚ್ಚುಕಡಿಮೆ. ತಿಂಗಳಿಗೊಮ್ಮೆ ಹೋಗಿಬರುವವರನ್ನು ಕಂಡು ನೆಂಟರಿಷ್ಟರು ಪುಣ್ಯವಂತರು ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಇಪ್ಪತ್ತು ಇ-ಮೇಲ್ ಬರೆದರೂ ಬಗೆಹರಿಯದ ಅಳತೆಯ ತಕರಾರು, ಗಿರಾಕಿಯ ಯಂತ್ರದ ಮುಂದೆ ಇಬ್ಬರೂ ನಿಂತು ಒಂದೇ ಗೇಜಿನಲ್ಲಿ ಅಳೆದಾಗ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆ ಅರ್ಧ ಗಂಟೆಗೆ ವಿಡಿಯೊ ಕರೆ ಸಾಟಿಯಲ್ಲ. ಆದರೆ ಕಂಪನಿಗಳು ಇದರ ಖರ್ಚನ್ನು ಟಿಕೆಟ್, ಹೋಟೆಲ್, ದಿನಭತ್ಯೆ ಎಂದಷ್ಟೇ ಬರೆದುಕೊಳ್ಳುತ್ತವೆ. ವೀಸಾದಲ್ಲಿ ಕರಗುವ ದಿನಗಳನ್ನು, ಮೈಯಿಂದ ಸೋರುವ ನಿದ್ದೆಯನ್ನು ಯಾರೂ ಬರೆಯುವುದಿಲ್ಲ. ಇವತ್ತಿನ ಮಾತು ಹೆಚ್ಚಾಗಿ ಆ ಎರಡರ ಬಗ್ಗೆ.

ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದ ನಿಯಮ ಕೇಳಲು ಸುಲಭ: ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಎಡವುವುದು ‘ಯಾವುದೇ’ ಅನ್ನುವ ಮಾತಿನಲ್ಲಿ. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಎಂದು ಇದನ್ನು ಭಾಗ ಮಾಡಿಲ್ಲ. ಅಲ್ಲಿರುವ ಒಂದೊಂದು ದಿನವೂ ಆ ದಿನದಿಂದ ಹಿಂದಕ್ಕೆ 180 ದಿನ ಎಣಿಸಿ, ಅದರಲ್ಲಿ ಎಷ್ಟು ದಿನ ಷೆಂಗೆನ್ ದೇಶಗಳಲ್ಲಿದ್ದೆವು ಎಂದು ನೋಡಬೇಕು. ಇಳಿದ ದಿನವೂ ಹೊರಟ ದಿನವೂ ಪೂರ್ತಿ ದಿನಗಳಾಗಿಯೇ ಸೇರುತ್ತವೆ. ರಾತ್ರಿ ಹನ್ನೊಂದಕ್ಕೆ ಇಳಿದರೂ ಒಂದು ದಿನ ಹೋಯಿತು. ತಿಂಗಳಿಗೆ ಹತ್ತು ದಿನ ಇರುವವರಿಗೆ ಆರು ತಿಂಗಳಲ್ಲಿ ಅರವತ್ತು ದಿನ, ತೊಂದರೆಯಿಲ್ಲ. ತಿಂಗಳಿಗೆ ಹದಿನೈದು ದಿನ ಇರುವವರು ತೊಂಬತ್ತರ ಅಂಚಿನಲ್ಲೇ ನಡೆಯುತ್ತಿರುತ್ತಾರೆ, ಹಿಂದಿರುಗುವ ವಿಮಾನ ಒಂದು ದಿನ ರದ್ದಾದರೆ ಮಿತಿ ಮೀರಿದಂತೆಯೇ. ಹಾಗಾಗಿ ನಾಲ್ಕೈದು ದಿನ ಯಾವಾಗಲೂ ಉಳಿಸಿಕೊಂಡಿರಿ. 2025ರ ಅಕ್ಟೋಬರ್ 12ರಿಂದ ಈ ದೇಶಗಳ ಗಡಿಗಳಲ್ಲಿ ಬೆರಳಚ್ಚು, ಮುಖದ ಚಿತ್ರ ಪಡೆದು ಬಂದುಹೋದ ದಿನಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಎಣಿಕೆಯನ್ನು ಯಂತ್ರವೇ ಮಾಡುತ್ತದೆ. ನಿಮ್ಮ ಬಳಿಯೂ ಬಂದುಹೋದ ತಾರೀಖುಗಳ ಒಂದು ಪಟ್ಟಿ ಇರಲಿ.

ಪದೇ ಪದೇ ಹೋಗುವವರಿಗೆ ಒಂದು ಅನುಕೂಲವೂ ಆಗಿದೆ. ಭಾರತದಲ್ಲಿ ನೆಲೆಸಿರುವ ಭಾರತೀಯರಿಗೆ 2024ರ ಏಪ್ರಿಲ್‌ನಲ್ಲಿ ಬಂದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು ಸಿಗಬಹುದು. ಆದರೆ ಪಾಸ್‌ಪೋರ್ಟಿಗೆ ಅಷ್ಟು ಆಯುಸ್ಸು ಇರಬೇಕು. ಒಂದೂವರೆ ವರ್ಷ ಉಳಿದ ಪಾಸ್‌ಪೋರ್ಟ್ ಹಿಡಿದು ಹೋದವರಿಗೆ ಐದು ವರ್ಷದ ವೀಸಾ ಬರುವುದಿಲ್ಲ. ಮೊದಲು ಪಾಸ್‌ಪೋರ್ಟ್ ನವೀಕರಿಸಿ, ಆಮೇಲೆ ವೀಸಾಕ್ಕೆ ಅರ್ಜಿ ಹಾಕಿ. ನವೀಕರಿಸುವಾಗ 36 ಪುಟದ್ದರ ಬದಲು 60 ಪುಟದ ಪುಸ್ತಕವನ್ನೇ ಕೇಳಿ.

ಬಿಸಿನೆಸ್ ವೀಸಾ ಇರುವುದು ಸಭೆಗೆ, ಮಾತುಕತೆಗೆ, ಮೇಳ ನೋಡುವುದಕ್ಕೆ. ಗಿರಾಕಿಯ ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದು ಯಂತ್ರ ಕೂರಿಸಬೇಕಾದರೆ ಬೇರೆ ಅನುಮತಿ ಬೇಕಾಗಬಹುದು. ಹೊರಡುವ ಮೊದಲೇ ಆ ದೇಶದ ರಾಯಭಾರ ಕಚೇರಿಯ ನಿಯಮ ಓದಿ, ಆಹ್ವಾನಪತ್ರದಲ್ಲಿ ಕೆಲಸವನ್ನು ಇದ್ದದ್ದು ಇದ್ದಂತೆ ಬರೆಸಿ.

ಹ್ಯಾನೋವರಿನ ಮೇಳಗಳಿಗೆ ಮಾದರಿ ಮಾಲು ಒಯ್ಯುವವರು ಎಟಿಎ ಕಾರ್ನೆ, ಅಂದರೆ ಮಾಲನ್ನು ತಾತ್ಕಾಲಿಕವಾಗಿ ಒಯ್ದು ವಾಪಸ್ ತರಲು ಬೇಕಾದ ಕಸ್ಟಮ್ಸ್ ಪತ್ರ, ಮಾಡಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಇದನ್ನು ಕೊಡುವುದು ವಾಣಿಜ್ಯ, ಕೈಗಾರಿಕಾ ಮಂಡಳಿಗಳ ಒಕ್ಕೂಟವಾದ ಫಿಕ್ಕಿ ಸಂಸ್ಥೆ. ಒಂದು ವರ್ಷದೊಳಗೆ ಮಾಲು ವಾಪಸ್ ತಂದರೆ ಆಮದು ಸುಂಕ ಕಟ್ಟಬೇಕಿಲ್ಲ. ಇದಕ್ಕೆ ನಾಲ್ಕು ಕಡೆ ಕಸ್ಟಮ್ಸ್ ಮುದ್ರೆ ಬೀಳಬೇಕು: ಇಲ್ಲಿ ಹೊರಡುವಾಗ, ಅಲ್ಲಿ ಒಳಗೆ ಹೋಗುವಾಗ, ಅಲ್ಲಿಂದ ಹೊರಡುವಾಗ, ಇಲ್ಲಿಗೆ ಮರಳಿದಾಗ. ಸಾಮಾನ್ಯವಾಗಿ ತಪ್ಪುವುದು ಮೂರನೆಯದು. ವಾಪಸ್ಸಿನ ಅವಸರದಲ್ಲಿ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಹಾಕಿಬಿಟ್ಟರೆ ಕಸ್ಟಮ್ಸಿಗೆ ತೋರಿಸಲು ಮಾಲು ಕೈಯಲ್ಲಿರುವುದಿಲ್ಲ. ಮುದ್ರೆ ಇಲ್ಲದಿದ್ದರೆ ಮಾಲು ಅಲ್ಲೇ ಉಳಿಯಿತೆಂದು ಸುಂಕ ಕೇಳುತ್ತಾರೆ. ಹಂಚಿಬಿಡುವ ವಸ್ತುಗಳನ್ನು ಕಾರ್ನೆಯಲ್ಲಿ ಸೇರಿಸಬಾರದು. ಇನ್ನೊಂದು ಮಾತು. ಗಿರಾಕಿಗೆ ಪ್ರೀತಿಯಿಂದ ಧಾರವಾಡ ಪೇಡೆಯನ್ನೋ, ಆ ಊರಿನಲ್ಲಿರುವ ಮಕ್ಕಳಿಗೆ ಮನೆಯ ತುಪ್ಪವನ್ನೋ ಒಯ್ಯಬೇಡಿ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಚಟ್ನಿಪುಡಿಗೆ ಅಡ್ಡಿಯಿಲ್ಲ.

ಇನ್ನು ನಿದ್ದೆಯ ವಿಷಯ. ಇಲ್ಲಿಂದ ಯುರೋಪಿಗೆ ಹೊರಡುವ ಹಲವು ವಿಮಾನಗಳ ಸಮಯ ಮಧ್ಯರಾತ್ರಿ ದಾಟಿದ ಮೇಲೆ. ಟಿಕೆಟಿನಲ್ಲಿ 12ನೇ ತಾರೀಖು ಬೆಳಗಿನ ಜಾವ ಮೂರು ಗಂಟೆ ಎಂದಿದ್ದರೆ ಮನೆ ಬಿಡಬೇಕಾದದ್ದು 11ರ ರಾತ್ರಿ. ಟ್ಯಾಕ್ಸಿ, ವಿಮೆ, ಹೋಟೆಲ್ ಯಾವುದನ್ನು ಗೊತ್ತುಮಾಡುವಾಗಲೂ ಈ ತಾರೀಖನ್ನು ಎರಡು ಸಲ ನೋಡಿ.

ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಅಲ್ಲಿ ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಹೊಸ ಸಮಯಕ್ಕೆ ಮೈ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು. ಹಾಗಾಗಿ ಎರಡು ಮೂರು ದಿನಕ್ಕೆ ಹೋಗುವವರು ಪೂರ್ತಿ ಅಲ್ಲಿನ ಸಮಯಕ್ಕೆ ತಿರುಗಲು ಹೆಣಗುವುದು ವ್ಯರ್ಥ. ರಾತ್ರಿ ಒಂಬತ್ತಕ್ಕೆ ಮಲಗಿ ಐದಕ್ಕೆ ಏಳಿ. ಮುಖ್ಯವಾದ ಸಭೆಯನ್ನು ಬೆಳಿಗ್ಗೆಯೇ ಇಡಿಸಿ. ರಾತ್ರಿ ಎಂಟರ ಊಟಕ್ಕೆ ಕರೆದರೆ, ಬೇಸಿಗೆಯಲ್ಲಿ ಅದು ನಿಮ್ಮ ಹೊಟ್ಟೆಗೆ ಹನ್ನೊಂದೂವರೆ. ಮಧ್ಯಾಹ್ನದ ಊಟಕ್ಕೆ ಬರುತ್ತೇವೆಂದು ಮೊದಲೇ ಹೇಳಿದರೆ ಯಾರೂ ಬೇಸರಪಡುವುದಿಲ್ಲ.

ವಿಮಾನದೊಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಗಾಳಿಯ ತೇವಾಂಶ ಶೇಕಡ 10ರಿಂದ 20 ಮಾತ್ರ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತು ಪ್ರಯಾಣಿಸುವವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ಬಿಪಿ, ಸಕ್ಕರೆಯ ಮಾತ್ರೆಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅನ್ನು ಲಗೇಜಿಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಲಸಕ್ಕೆ ಬಾರದಂತಾಗಬಹುದು. ಲಗೇಜ್ ಬಾರದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ದೂರಿನ ಚೀಟಿ ಬರೆಸಿಕೊಳ್ಳಿ. ಪೆಟ್ಟಿಗೆ ಒಡೆದಿದ್ದರೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು, ತಡವಾಗಿ ಬಂದರೆ ಅದು ಕೈಸೇರಿದ ಇಪ್ಪತ್ತೊಂದು ದಿನದೊಳಗೆ.

ಹೋಗುವುದಕ್ಕಿಂತ ಬರುವುದು ಕಷ್ಟ. ನಮ್ಮೊಳಗಿನ ಗಡಿಯಾರ ಸಹಜವಾಗಿಯೇ 24 ಗಂಟೆಗಿಂತ ತುಸು ನಿಧಾನ. ದಿನ ಉದ್ದವಾದರೆ ಸಹಿಸಿಕೊಳ್ಳುತ್ತದೆ, ಗಿಡ್ಡವಾದರೆ ಒದ್ದಾಡುತ್ತದೆ. ಪೂರ್ವಕ್ಕೆ ಬರುವಾಗ ದಿನ ಗಿಡ್ಡವಾಗುತ್ತದೆ. ಒಂದು ವಾರ ಜರ್ಮನಿಯಲ್ಲಿದ್ದು ಬೇಸಿಗೆಯಲ್ಲಿ ಹಿಂತಿರುಗಿದವರನ್ನು ನೋಡಿ: ರಾತ್ರಿ ಒಂದೂವರೆಗೆ ದೇವನಹಳ್ಳಿಯಲ್ಲಿ ಇಳಿದು, ಮೂರೂವರೆಗೆ ಮನೆ ಸೇರಿ, ಎಂಟಕ್ಕೆ ಎದ್ದು ಆಫೀಸಿಗೆ ಹೊರಡುತ್ತಾರೆ. ಆ ಎಂಟು ಗಂಟೆ ಮೈಯ ಲೆಕ್ಕದಲ್ಲಿ ನಸುಕಿನ ನಾಲ್ಕೂವರೆ. ಮೈಯ ಉಷ್ಣ ಕನಿಷ್ಠಕ್ಕೆ ಇಳಿದು, ಎಚ್ಚರ ತೀರಾ ಮಂಕಾಗಿರುವ ಹೊತ್ತು. ಆ ಹೊತ್ತಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಬೈಕೋ ಕಾರೋ ಓಡಿಸುವುದು ನಿಜಕ್ಕೂ ಅಪಾಯ. ಕಂಪನಿಗಳು ಈ ದಿನವನ್ನು ರಜೆಯೆಂದು ಬರೆಯದೆ ಪ್ರಯಾಣದ ದಿನವೆಂದೇ ಬರೆಯಬೇಕು. ಮಾಲೀಕರಲ್ಲಿ, ಮ್ಯಾನೇಜರುಗಳಲ್ಲಿ ನನ್ನ ಕಳಕಳಿಯ ಬೇಡಿಕೆ ಇದು.

ಮನೆಗೆ ಬಂದವರು ಬೆಳಗಾಗುತ್ತಲೇ ವಾಕಿಂಗ್ ಹೊರಡುವುದೂ ತಪ್ಪು. ಮೈಯ ಉಷ್ಣ ಕನಿಷ್ಠಕ್ಕೆ ಇಳಿಯುವ ಮೊದಲೇ ಕಣ್ಣಿಗೆ ಬೆಳಕು ಬಿದ್ದರೆ ಗಡಿಯಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಮೊದಲ ದಿನ ಕಿಟಕಿಯ ಪರದೆ ಎಳೆದು ಮಲಗಿ. ಬೇಸಿಗೆಯಾದರೆ ಒಂಬತ್ತು ದಾಟಿದ ಮೇಲೆ, ಚಳಿಗಾಲವಾದರೆ ಹತ್ತು ದಾಟಿದ ಮೇಲೆ ಬಿಸಿಲಿಗೆ ಬಂದು ಅರ್ಧ ಗಂಟೆ ನಡೆಯಿರಿ. ಮರುದಿನ ಅದನ್ನೇ ಒಂದು ಗಂಟೆ ಮುಂಚೆ ಮಾಡಿ. ಮಧ್ಯಾಹ್ನ ಮೂರರ ನಂತರ ಕಾಫಿ ಬೇಡ. ಮೂರು ನಾಲ್ಕು ದಿನದಲ್ಲಿ ಮನೆಯವರೆಲ್ಲ ತಿಂಡಿಗೆ ಕೂರುವ ಹೊತ್ತಿಗೆ ನಿಮಗೂ ಹಸಿವಾಗುತ್ತದೆ.

ನಮಸ್ಕಾರ.