ಡ್ರ್ಯಾಗನ್ ಬರೆಯುವ ಮುನ್ನ ಮಳೆಯ ಲೆಕ್ಕ ಹಾಕಿ

ನಮಸ್ಕಾರ. ಚೀನಾ, ಕೊರಿಯಾ, ಜಪಾನಿನ ಜಾನಪದದ ಬೆನ್ನುಹತ್ತಿ ಕನ್ನಡದಲ್ಲಿ ಫ್ಯಾಂಟಸಿ ಕತೆ ಬರೆಯಲು ಕೂತಿರುವ ಹೊಸಬರಿಗಾಗಿ ಈ ಮಾತು. ಹೇಳುವುದು ಒಂದೇ ವಿಷಯ: ಅಲ್ಲಿಯ ಡ್ರ್ಯಾಗನ್ ನೀರಿನದು. ಅದು ಬೆಂಕಿ ಉಗುಳುವುದಿಲ್ಲ, ಗುಹೆಯಲ್ಲಿ ಚಿನ್ನದ ರಾಶಿ ಕಾಯುವುದಿಲ್ಲ. ಮಳೆ ಸುರಿಸುವುದು ಅದರ ಕೆಲಸ.

ಕೆಲಸವೆಂದರೆ ನಿಜವಾಗಿಯೂ ನೌಕರಿ. ಮೇಲೆ ಸ್ವರ್ಗವನ್ನಾಳುವ ಜೇಡ್ ಚಕ್ರವರ್ತಿ, ಅವನ ಅಪ್ಪಣೆಯಲ್ಲಿ ನಾಲ್ಕು ಕಡಲಿಗೆ ನಾಲ್ವರು ಡ್ರ್ಯಾಗನ್ ರಾಜರು, ಹೊಳೆಗಳಿಗೆ ಬೇರೆ ರಾಜರು. ಇದಕ್ಕೆ 16ನೇ ಶತಮಾನದ ಚೀನೀ ಕಾದಂಬರಿ 'ಪಶ್ಚಿಮ ಯಾತ್ರೆ'ಯ ಒಂದು ಪ್ರಸಂಗ ಕೇಳಿ.

ಛಾಂಗ್‌ಆನ್ ನಗರದ ಜೋಯಿಸನೊಬ್ಬ ದಿನಕ್ಕೊಂದು ಮೀನಿನ ಕಾಣಿಕೆ ಪಡೆದು, ಬಲೆ ಎಲ್ಲಿ ಬೀಸಬೇಕೆಂದು ಬೆಸ್ತನಿಗೆ ಹೇಳಿಕೊಡುತ್ತಿದ್ದ. ಚಿಂಗ್ ಹೊಳೆಯ ಡ್ರ್ಯಾಗನ್ ರಾಜನಿಗೆ ತನ್ನ ಪ್ರಜೆಗಳೆಲ್ಲ ಬರಿದಾಗುವ ಚಿಂತೆ. ಪಂಡಿತನ ವೇಷದಲ್ಲಿ ಬಂದು, "ನಾಳೆ ಮಳೆ ಎಷ್ಟು?" ಎಂದು ಕೇಳಿದ. "ಮೂರು ಅಡಿ ಮೂರು ಅಂಗುಲ, ಮೇಲೆ ನಲವತ್ತೆಂಟು ಹನಿ" ಎಂದ ಜೋಯಿಸ. ಮಳೆ ಸುರಿಸುವವನೇ ತಾನು, ಸೋಲುವುದೆಲ್ಲಿಂದ ಎಂದು ರಾಜ ಪಂಥ ಕಟ್ಟಿದ. ಮನೆಗೆ ಹೋದರೆ ಸ್ವರ್ಗದಿಂದ ಆಜ್ಞೆ ಬಂದಿದೆ, ಹನಿ ವ್ಯತ್ಯಾಸವಿಲ್ಲದೆ ಅದೇ ಲೆಕ್ಕ! ಪಂಥ ಗೆಲ್ಲಲೆಂದು ಅವನು ಮಳೆಯನ್ನು ಎರಡು ಗಂಟೆ ತಡಮಾಡಿ, ಮೂರು ಅಂಗುಲ ಎಂಟು ಹನಿ ಕಡಿಮೆ ಸುರಿಸಿದ. ಅಷ್ಟಕ್ಕೇ ಮರಣದಂಡನೆ. ತಲೆ ಕಡಿಯಬೇಕಾದವನು ತಾಂಗ್ ಚಕ್ರವರ್ತಿ ತಾಯ್‌ತ್ಸುಂಗನ ಮಂತ್ರಿ ವೆಯ್ ಚೆಂಗ್. ಚಕ್ರವರ್ತಿಯ ಕನಸಿಗೆ ಡ್ರ್ಯಾಗನ್ ಬಂದು ಕಾಲುಹಿಡಿಯಿತು. ಚಕ್ರವರ್ತಿ ಮಂತ್ರಿಯನ್ನು ಕರೆಸಿ, ಅತ್ತಿತ್ತ ಹೋಗದಂತೆ ಕಪ್ಪು-ಬಿಳಿ ಕಾಯಿಗಳ ವೆಯ್‌ಚೀ ಆಟಕ್ಕೆ ಕೂರಿಸಿದ. ಆಟದ ನಡುವೆ ಮಂತ್ರಿಗೆ ಜೊಂಪು ಹತ್ತಿತು. ಆ ನಿದ್ದೆಯಲ್ಲೇ ಸ್ವರ್ಗಕ್ಕೆ ಹೋಗಿ ತಲೆ ಕಡಿದು ಬಂದ! ಮುಂದೆ ಡ್ರ್ಯಾಗನ್ನಿನ ಪ್ರೇತ ಚಕ್ರವರ್ತಿಯನ್ನು ಕಾಡಿ, ಅವನು ಯಮಲೋಕ ಕಂಡು ಬಂದು, ಸತ್ತವರ ಸದ್ಗತಿಗಾಗಿ ಗ್ರಂಥ ತರಲು ಭಿಕ್ಷುವನ್ನು ಭಾರತಕ್ಕೆ ಕಳಿಸುತ್ತಾನೆ. ಆ ಭಿಕ್ಷು ನಮ್ಮ ಇಮ್ಮಡಿ ಪುಲಕೇಶಿಯ ನಾಡನ್ನು ಕಂಡುಹೋದ ಹ್ಯೂಯೆನ್ ತ್ಸಾಂಗನೇ.

ನೋಡಿ, ಕಾದಂಬರಿಯ ಯಾತ್ರೆಯೆಲ್ಲ ಹೊರಟದ್ದು ಮೂರು ಅಂಗುಲ ಮಳೆಯ ಕೊರತೆಯಿಂದ. ಮಂತ್ರದ ಕತ್ತಿ ಬೇಕಾಗಲಿಲ್ಲ. ಹಾಗಾಗಿ ಮೊದಲ ಅಧ್ಯಾಯಕ್ಕೆ ಮುನ್ನ ಹಾಳೆಯೊಂದರಲ್ಲಿ ಬರೆದಿಡಿ: ಯಾವ ನೀರು, ಯಾರ ಅಪ್ಪಣೆ, ಎಷ್ಟು ಮಳೆ, ತಪ್ಪಿದರೆ ಏನು ಶಿಕ್ಷೆ. ಶಿಕ್ಷೆ ಮನುಷ್ಯರೂ ಕೊಡುತ್ತಿದ್ದರು. ಮಳೆ ಬಾರದಿದ್ದರೆ ಚೀನಾದ ಹಳ್ಳಿಯವರು ಡ್ರ್ಯಾಗನ್ ರಾಜನ ಮೂರ್ತಿಯನ್ನು ಗುಡಿಯಿಂದ ಹೊರತಂದು ಸುಡುಬಿಸಿಲಲ್ಲಿ ಕೂರಿಸುತ್ತಿದ್ದರು. ಕತೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೇ?

ಸಮಯ ಓಡುತ್ತಿದೆ, ರೂಪದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ದಯವಿಟ್ಟು ರೆಕ್ಕೆ ಅಂಟಿಸಬೇಡಿ. ಜಿಂಕೆಯ ಕೊಂಬು, ಹಾವಿನ ಕೊರಳು, ಕಾರ್ಪ್ ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಪಾದ ಇರಲಿ. ಗಂಟಲ ಕೆಳಗೆ ತಿರುಗುಮುರುಗಾಗಿ ಬೆಳೆದ ಹುರುಪೆ ಇರುತ್ತದೆ. ಅದನ್ನು ಮುಟ್ಟಿದವನನ್ನು ಡ್ರ್ಯಾಗನ್ ಕೊಲ್ಲುತ್ತದೆ ಎಂದು ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಚೀನೀ ಚಿಂತಕ ಹಾನ್ ಫೇ ಬರೆದಿದ್ದಾನೆ. ಉಗುರು ಎಣಿಸಿಕೊಳ್ಳಿ: ಚೀನೀ ಚಕ್ರವರ್ತಿಯ ಡ್ರ್ಯಾಗನ್ನಿಗೆ ಪಾದಕ್ಕೆ ಐದು, ಜಪಾನಿನದಕ್ಕೆ ಮೂರು. ಮೂರೂ ದೇಶಗಳನ್ನು ಕಲಸಿದರೆ ಕತೆಗೆ ನೆಲ ಸಿಗುವುದಿಲ್ಲ. ಜಪಾನಿನ ಕಡಲ ದೇವತೆಯ ಬಳಿ ಭರತ-ಇಳಿತ ಆಳುವ ಎರಡು ಮಣಿಗಳಿವೆ. ಕೊರಿಯಾದ ಇಮುಗಿ ಎಂಬ ಸರ್ಪ ಡ್ರ್ಯಾಗನ್ ಆಗಲು ಸಾವಿರ ವರ್ಷ ನೀರಿನಲ್ಲಿ ಕಾಯುತ್ತದೆ. ನೋಡಿ, ಅಲ್ಲೂ ನೀರೇ!

ಕೊನೆಗೆ, ನಿಮ್ಮ ನಾಯಕ ಡ್ರ್ಯಾಗನ್ನನ್ನು ಕೊಂದೇ ತೀರುತ್ತಾನೆ ಎನ್ನುವುದಾದರೆ ಕೊಲ್ಲಲಿ. ಆದರೆ ಕತೆಯನ್ನು ಅಲ್ಲಿ ಮುಗಿಸಬೇಡಿ. ಆ ಸೀಮೆಗೆ ಇನ್ನು ಮಳೆ ತರುವವರಿಲ್ಲ, ಮುಂದಿನ ಅಧ್ಯಾಯ ಬರಗಾಲದ್ದು. ವಂದನೆಗಳು.