ಹೊಸ ಹಸುವಿಗೆ ಬೇರೆ ಗೂಟ

ಕೇಳುಗರಿಗೆಲ್ಲ ನಮಸ್ಕಾರ.

ಹೊರದೇಶದ ದನ, ಕುರಿ ನಮ್ಮ ನೆಲ ತುಳಿಯಬೇಕಾದರೆ ಮೊದಲು ಅಲ್ಲಿನ ಸರ್ಕಾರಿ ಪಶುವೈದ್ಯರ ಆರೋಗ್ಯಪತ್ರ ಬೇಕು. ಬಂದಿಳಿದ ಮೇಲೆ ಕ್ವಾರಂಟೈನ್ ಕೇಂದ್ರದಲ್ಲಿ ಬೇರೆಯಾಗಿ ಕಟ್ಟಿ ಪರೀಕ್ಷಿಸುತ್ತಾರೆ. ಚೆನ್ನೈ, ಮುಂಬಯಿಯಂತೆ ಬೆಂಗಳೂರಿನಲ್ಲೂ ಇಂಥ ಕೇಂದ್ರವಿದೆ. ಕಾನೂನು 1898ರಷ್ಟು ಹಳೆಯದು. ಮಾಂಸ, ಮೊಟ್ಟೆ, ಹಾಲಿನ ಪದಾರ್ಥಗಳು ಅದರೊಳಗೆ ಬಂದದ್ದು ಮಾತ್ರ 2001ರಲ್ಲಿ.

ಮಳವಳ್ಳಿ ಕಡೆ ಬಂಡೂರು ಕುರಿ ಸಾಕುವ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು: "ಸತ್ತ ಪ್ರಾಣಿಯಿಂದ ಎಂಥ ರೋಗ ಡಾಕ್ಟ್ರೇ, ಅದೂ ಐಸಲ್ಲಿಟ್ಟ ಮಾಂಸ?" ಒಳ್ಳೆ ಪ್ರಶ್ನೆ. ಕಾಲುಬಾಯಿ ಜ್ವರವನ್ನೇ ತೆಗೆದುಕೊಳ್ಳಿ. ಕೊಯ್ದ ಮಾಂಸವನ್ನು ಒಂದು ದಿನ ತಣ್ಣಗೆ ತೂಗುಹಾಕಿದರೆ ಅದಕ್ಕೆ ಹುಳಿ ಏರುತ್ತದೆ. ಆ ಹುಳಿಗೆ ವೈರಸ್ ಸಾಯುತ್ತದೆ. ಆದರೆ ಮೂಳೆಯೊಳಗಿನ ಮಜ್ಜೆಗೆ, ಗ್ರಂಥಿಗಳಿಗೆ ಹುಳಿ ತಾಗದು. ವೈರಸ್ ಅಲ್ಲಿ ಬದುಕಿರುತ್ತದೆ. ಕೊಯ್ದ ಕೂಡಲೇ ಐಸಿಗೆ ಹಾಕಿದರೆ ಮಾಂಸದಲ್ಲೂ ಉಳಿಯುತ್ತದೆ. ನಮ್ಮ ಎಮ್ಮೆ ಮಾಂಸ ಹೊರದೇಶಕ್ಕೆ ಹೋಗುವಾಗ ಮೂಳೆ, ಗ್ರಂಥಿ ತೆಗೆಸುವುದು ಅದಕ್ಕೇ. 2001ರಲ್ಲಿ ಬ್ರಿಟನ್ನಿಗೆ ಈ ರೋಗ ನುಗ್ಗಿತು. ಕದ್ದು ತಂದ ಮಾಂಸ ಮುಸುರೆಯಲ್ಲಿ ಸೇರಿ ಹಂದಿಗಳ ಬಾಯಿಗೆ ಬಿದ್ದಿರಬೇಕೆಂದು ಅಲ್ಲಿಯವರ ಅಂದಾಜು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು.

ಬಂದರಿನಲ್ಲಿ ಇಷ್ಟು ಕಾವಲು ಸರಿ, ನಮ್ಮ ಕೊಟ್ಟಿಗೆ ಬಾಗಿಲಲ್ಲಿ? ಊರವರಿಗೆಲ್ಲ ಬುದ್ಧಿ ಹೇಳುವ ನಾನೇ ಒಮ್ಮೆ ಸಂತೆಯಿಂದ ತಂದ ಹಸುವನ್ನು ಕತ್ತಲಾಯಿತೆಂದು ಹಳೆಯ ಹಸುಗಳ ಗೊಂತಿಗೇ ಕಟ್ಟಿಬಿಟ್ಟೆ. ನಾಲ್ಕನೇ ದಿನ ಬೆಳಿಗ್ಗೆ ಅದು ಬಾಯಿ ಚಪ್ಪರಿಸುತ್ತಿತ್ತು. ಜೊಲ್ಲು ನೂಲಿನಂತೆ ನೆಲದವರೆಗೆ ಇಳಿದಿತ್ತು. ವಾರದೊಳಗೆ ಮೂರೂ ಹಸು ಕುಂಟಿದವು. ಜೊಲ್ಲು ಕಾಣುವ ಮುಂಚೆಯೇ ರೋಗ ಹರಡುತ್ತದೆಂಬುದು ನನಗೆ ಗೊತ್ತಿಲ್ಲದ ಪಾಠವೇನಲ್ಲ. ನನ್ನ ಹೆಂಡತಿ ಒಂದೇ ಮಾತಂದಳು, ಅದನ್ನು ರೇಡಿಯೋದಲ್ಲಿ ಹೇಳುವ ಹಾಗಿಲ್ಲ.

ಮುಡುಕುತೊರೆ ಜಾತ್ರೆಯಿಂದ ಜೋಡಿ ತರುವವರೇ, ಕಿವಿಯ ಹಳದಿ ಓಲೆಯಲ್ಲಿ 12 ಅಂಕಿ ಇರುತ್ತವೆ. ಅದನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ತೋರಿಸಿ, ಲಸಿಕೆ ಬಿದ್ದಿದೆಯೇ ಕೇಳಿ. ಆರು ತಿಂಗಳಿಗೊಮ್ಮೆ ಹಾಕಿಸಬೇಕಾದ ಲಸಿಕೆ ಅದು. ಹೊಸದಾಗಿ ಬಂದದ್ದಕ್ಕೆ ಮೂರು ವಾರ ದೂರದಲ್ಲಿ ಬೇರೆ ಗೂಟ, ಬೇರೆ ಬಕೆಟ್ಟು. ಹಸುವಾದರೆ ಹಾಲು ಕರೆಯುವಾಗ ಹಳೆಯವನ್ನೆಲ್ಲ ಮುಗಿಸಿ, ಕೊನೆಗೆ ಅದರ ಬಳಿ ಕೂರಿ.