40 ಕಿಲೋಮೀಟರ್ ಆಚೆಯ ಪರದೇಶ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಬೈದ್ರೂ ಪರವಾಗಿಲ್ಲ. ಮಹಾನಗರಕ್ಕೆ ಹೊಸದಾಗಿ ಬಂದು ಸೇರೋರಲ್ಲಿ ಜಾಸ್ತಿ ಒದ್ದಾಡೋರು 600 ಕಿಲೋಮೀಟರ್ ದೂರದಿಂದ ಬಂದವರಲ್ಲ. 40 ಕಿಲೋಮೀಟರ್ ದೂರದಿಂದ ಬಂದವರು. ಅದೇ ನಗರದ ಅಂಚಲ್ಲಿ, ಊರಾಚೆಯ ಯಾವುದೋ ಬಡಾವಣೆಯಲ್ಲಿ ಬೆಳೆದು, "ಸಿಟಿ ತಾನೆ, ನಮಗೆ ಗೊತ್ತಿಲ್ಲದ್ದೇನಿದೆ" ಅಂದ್ಕೊಂಡು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಂದವರು.

ನಾನೂ ಅದೇ ಗಿರಾಕಿ. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದ್ದೀನಿ.

ನನಗೆ ಗೊತ್ತಿದ್ದ ನಗರ ಅಂದ್ರೆ ಏನು ಗೊತ್ತಾ? ಏಳೆಂಟು ವಿಳಾಸ. ಒಂದು ರೈಲ್ವೆ ಸ್ಟೇಷನ್, ಒಂದು ದೊಡ್ಡಾಸ್ಪತ್ರೆ, ಎರಡು ಸಿನಿಮಾ ಥಿಯೇಟರ್, ಇಬ್ಬರು ನೆಂಟರ ಮನೆ, ಪರೀಕ್ಷೆ ಬರೆಯೋಕೆ ಹೋಗಿದ್ದ ಒಂದು ಕಾಲೇಜು. ಇವುಗಳ ನಡುವೆ ಏನಿದೆ ಅಂತ ಗೊತ್ತೇ ಇರ್ಲಿಲ್ಲ, ಯಾಕಂದ್ರೆ ನಡುವೆ ಇದ್ದದ್ದೆಲ್ಲ ಬಸ್ಸಿನ ಕಿಟಕಿಯಾಚೆ ಹಿಂದಕ್ಕೆ ಓಡೋ ಗೋಡೆಗಳು. ಬೆಳಗ್ಗೆ ಹತ್ತಕ್ಕೆ ಹೋಗಿ ಸಂಜೆ ಆರಕ್ಕೆ ವಾಪಸ್. ಆ ನಗರದ ರಾತ್ರಿ ಹನ್ನೊಂದು ಗಂಟೆ ನಾನು ನೋಡಿರ್ಲಿಲ್ಲ, ಬೆಳಗಿನ ಜಾವ ಐದು ಗಂಟೆ ನೋಡಿರ್ಲಿಲ್ಲ. ನೆಂಟರ ಮನೆಯ ಹಾಲಲ್ಲಿ ಕೂತೆದ್ದು ಬಂದವನು "ಆ ಮನೆ ನನಗೆ ಚೆನ್ನಾಗಿ ಗೊತ್ತು" ಅಂದ ಹಾಗೆ. ಯಾವ ನಲ್ಲಿ ಸೋರತ್ತೆ ಅನ್ನೋದು ಅಲ್ಲಿ ಇರೋರಿಗೆ ತಾನೆ ಗೊತ್ತು.

ದೂರದಿಂದ ಬಂದವನಿಗೆ ಈ ಭ್ರಮೆ ಇರಲ್ಲ. ಅವನು ಬರುವಾಗಲೇ ಹೆದರ್ಕೊಂಡು ಬಂದಿರ್ತಾನೆ, ಹಾಗಾಗಿ ಕಂಡಕಂಡವರನ್ನ ಕೇಳ್ತಾನೆ. ನಾನು ಕೇಳ್ಲಿಲ್ಲ. ಕೇಳೋಕೆ ನಾಚಿಕೆ.

ಮೊದಲನೇ ದಿನವೇ ಇದಕ್ಕೆ ತಕ್ಕ ಶಾಸ್ತಿ ಆಯ್ತು. ಮನೆಯಿಂದ ನನ್ನ ಓದೋ ಮೇಜು ತಂದಿದ್ದೆ. ಗಟ್ಟಿ ಮರದ್ದು, ಐದಡಿ ಉದ್ದ. ಒಂದು ವಾರ ಮುಂಚೆ ಟೇಪ್ ಹಿಡ್ಕೊಂಡು ಬಂದು ರೂಮಿನ ಉದ್ದ, ಅಗಲ, ಬಾಗಿಲು, ಕಿಟಕಿಯ ಎತ್ತರ ಎಲ್ಲಾ ಅಳೆದು ಚೀಟೀಲಿ ಬರ್ಕೊಂಡಿದ್ದೆ. ಅಳೆಯದೇ ಬಿಟ್ಟಿದ್ದು ಒಂದೇ, ಮೆಟ್ಟಿಲಿನ ತಿರುವು. ಎರಡನೇ ಮಹಡಿಯ ತಿರುವಲ್ಲಿ ಮೇಜು ಸಿಕ್ಕಾಕ್ಕೊಂಡು ಮೇಲೂ ಹೋಗ್ದು, ಕೆಳಗೂ ಬರ್ದು. ಕಂಬಿಗೆ ಒಂದು ಕಾಲು, ಗೋಡೆಗೆ ಇನ್ನೊಂದು ಕಾಲು ಕೊಟ್ಟು ಕೂತುಬಿಡ್ತು. ಕೆಳಗಿಂದ ಒಬ್ಬ ಹೆಂಗಸು ಕೈಯಲ್ಲಿ ಎರಡು ಚೀಲ ಹಿಡ್ಕೊಂಡು ಬಂದ್ರು. ನಾನು "ಸಾರಿ ಮೇಡಂ, ಒಂದ್ನಿಮಿಷ" ಅನ್ನೋಷ್ಟರಲ್ಲಿ ಅವರು ತಲೆ ಬಗ್ಗಿಸಿ, ಮೇಜಿನ ಅಡಿಯಿಂದ ತೂರ್ಕೊಂಡು, ಆ ಕಡೆ ಎದ್ದು ಮೇಲೆ ಹೋಗೇಬಿಟ್ರು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ದಿನಾ ಅಲ್ಲಿ ಒಂದು ಮೇಜು ಇರತ್ತೇನೋ ಅನ್ನೋ ಥರ. ಕೊನೆಗೆ ಸಾಮಾನು ಹೊರೋಕೆ ಬಂದಿದ್ದವರು ಅದರ ನಾಲ್ಕೂ ಕಾಲು ಬಿಚ್ಚಿ ಸಾಗಿಸಿದ್ರು.

ಆ ಮೇಜು ಅರ್ಧ ರೂಮ್ ತಿಂದ್ಹಾಕ್ತು. ಯಾಕೆ ತಂದೆ ಅಂತ ಆಮೇಲೆ ತುಂಬಾ ಯೋಚನೆ ಮಾಡಿದ್ದೀನಿ. ಊರಾಚೆ ಬೆಳೆದವರಿಗೆ ಮನೆ ಅಂದ್ರೇ ಸಕಲ. ಹತ್ತಿರದ ಅಂಗಡಿಗೂ ಗಾಡಿ ತೆಗೀಬೇಕು, ಹಾಗಾಗಿ ತಿಂಗಳಿಗಾಗೋಷ್ಟು ದಿನಸಿ ತಂದು ತುಂಬ್ಕೋತೀವಿ. ಓದೋದು ಮನೇಲಿ, ಆಟ ಮನೆ ಮುಂದೆ, ಮಾತುಕತೆ ಜಗುಲಿ ಮೇಲೆ. ನಗರದ ಲೆಕ್ಕ ಬೇರೆ. ಅಲ್ಲಿ ನೀವು ಬಾಡಿಗೆ ಕೊಡೋದು ಆ ಹತ್ತು ಬೈ ಹತ್ತಡಿ ರೂಮಿಗಲ್ಲ, ಅದರ ಸುತ್ತಲಿನ ಒಂದು ಕಿಲೋಮೀಟರ್‌ಗೆ. ಲೈಬ್ರರಿ ನಿಮ್ಮ ಓದೋ ಕೋಣೆ, ಪಾರ್ಕ್ ನಿಮ್ಮ ಅಂಗಳ, ಬೀದಿ ಕೊನೆಯ ಅಂಗಡಿ ನಿಮ್ಮ ಉಗ್ರಾಣ. ಇದು ಅರ್ಥ ಆಗದೆ ರೂಮಲ್ಲೇ ಬಾಗಿಲು ಹಾಕ್ಕೊಂಡು ಕೂತ್ರೆ ನಗರದ ಬಾಡಿಗೆ ಕೊಟ್ಟು ಊರಾಚೆಯ ಬದುಕು ಬದುಕಿದ ಹಾಗೆ. ಅದೂ ಅಂಗಳ ಇಲ್ಲದ ಊರಾಚೆಯ ಬದುಕು. ನಾನು ಸುಮಾರು ನಾಲ್ಕು ತಿಂಗಳು ಮಾಡಿದ್ದು ಇದೇ.

ಅದಕ್ಕೇ ಮನೆ ಹುಡುಕೋವಾಗ ರೂಮಿನ ಟೈಲ್ಸ್ ನೋಡ್ಬೇಡಿ, ಬೀದಿ ನೋಡಿ. ಒಂದು ಸಲ ಹಗಲು, ಒಂದು ಸಲ ರಾತ್ರಿ ಹತ್ತರ ಮೇಲೆ. ನಾನು ಮೊದಲು "ಶಾಂತವಾದ ಬೀದಿ ಬೇಕು" ಅಂತ ಹುಡುಕ್ದೆ. ಊರಾಚೆ ಶಾಂತ ಅಂದ್ರೆ ಒಳ್ಳೇದು. ನಗರದಲ್ಲಿ ರಾತ್ರಿ ಜನರೇ ಇಲ್ಲದ ಬೀದಿ ಅಂದ್ರೆ ನೀವು ಬಿದ್ರೂ ಎತ್ತೋಕೆ ಯಾರೂ ಇಲ್ಲ ಅಂತ. ನಗರಗಳ ಬಗ್ಗೆ ಬರೀತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಇದನ್ನ ಬರೆದಿದ್ರು: ಬೀದಿಯನ್ನ ಕಾಯೋದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ಕಿಟಕಿಯವರ, ಸುಮ್ಮನೆ ಹಾದುಹೋಗೋರ ಕಣ್ಣು. ಸ್ವಲ್ಪ ಗದ್ದಲ ಇರೋ ಬೀದಿ ತಗೊಳ್ಳಿ, ಅದರಲ್ಲಿ ಹಿಂದುಗಡೆ ಕಿಟಕಿ ಇರೋ ರೂಮ್ ತಗೊಳ್ಳಿ.

ಗದ್ದಲ ಅಂದೆ. ಮೊದಲ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಕಾರಣ ಟ್ರಾಫಿಕ್ ಅಲ್ಲ, ಅದು ಒಂದೇ ಸಮ ಇರತ್ತೆ, ಕಿವಿ ಒಗ್ಗಿಕೊಳ್ಳತ್ತೆ. ನಿದ್ದೆ ಕೆಡಿಸಿದ್ದು ಗೋಡೆಯೊಳಗಿನ ಸದ್ದು. ಲಿಫ್ಟ್ ನಿಲ್ಲುವಾಗಿನ ಟಕ್. ಪೈಪಲ್ಲಿ ಯಾರೋ ಸುರಿದ ನೀರು ಇಳಿಯೋ ಸದ್ದು. ಮೇಲಿನ ಮನೇಲಿ ರಾತ್ರಿ ಒಂದಕ್ಕೆ ಕುರ್ಚಿ ಎಳೆಯೋರು ಯಾರು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ನನಗೇ ಏನೋ ತೊಂದರೆ ಇದೆ ಅಂದ್ಕೊಂಡೆ. ಆಮೇಲೆ ಓದಿದ್ದು: ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಸಂಶೋಧನೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ನಿದ್ದೆಗೆ ಇಳಿಯಲ್ವಂತೆ, ಕಾವಲು ಕೂತಿರತ್ತಂತೆ. ಸಣ್ಣ ಅಪರಿಚಿತ ಸದ್ದಾದ್ರೂ ಎಬ್ಬಿಸತ್ತೆ. ಸುಮಾರು ಒಂದು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಮಲಗಿಸಿದಾಗ ಆ ವ್ಯತ್ಯಾಸ ಇರ್ಲಿಲ್ಲ. ಹಾಗಾಗಿ ಮೊದಲ ರಾತ್ರಿ ಕಣ್ಣು ಬಿಟ್ಕೊಂಡು ಮಲಗಿ "ತಪ್ಪು ಮಾಡ್ಬಿಟ್ನಾ" ಅಂತ ತೀರ್ಮಾನಕ್ಕೆ ಬರ್ಬೇಡಿ. ಅವತ್ತು ತೀರ್ಮಾನ ಮಾಡ್ತಿರೋದು ಅರೆನಿದ್ದೆಯ ಮಿದುಳು.

ಇನ್ನು ಜನ. ಎಲ್ಲರೂ ಹೇಳೋ ದೂರು ಇದೇ ಅಲ್ವಾ, "ಸಿಟಿ ಜನಕ್ಕೆ ಮನುಷ್ಯತ್ವ ಇಲ್ಲ, ಎದುರು ಮನೆಯವರೂ ಮಾತಾಡ್ಸಲ್ಲ." ನಾನೂ ಮೊದಲ ವಾರ ಲಿಫ್ಟಲ್ಲಿ ಕಂಡವರಿಗೆಲ್ಲ ನಕ್ಕೆ. ಒಬ್ಬರು ತಮ್ಮ ಹಿಂದೆ ಯಾರಾದ್ರೂ ಇದ್ದಾರಾ ಅಂತ ತಿರುಗಿ ನೋಡಿದ್ರು.

ಜರ್ಮನಿಯ ಗಿಯಾರ್ಗ್ ಜಿಮ್ಮೆಲ್ ಅಂತ ಒಬ್ಬರು ಸಮಾಜಶಾಸ್ತ್ರಜ್ಞರು 1903ರಲ್ಲಿ ಈ ವಿಷಯಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸ್ತು. ಸಣ್ಣ ಊರಲ್ಲಿ ಎದುರಾದವರೆಲ್ಲ ಪರಿಚಿತರು, ಎಲ್ಲರಿಗೂ ಮನಸ್ಸು ಕೊಡಬಹುದು. ಮಹಾನಗರದಲ್ಲಿ ದಿನಕ್ಕೆ ಸಾವಿರ ಮುಖ. ಪ್ರತಿ ಮುಖಕ್ಕೂ ಅಷ್ಟೇ ಮನಸ್ಸು ಕೊಟ್ರೆ ಮನುಷ್ಯ ಒಳಗೊಳಗೇ ಚೂರುಚೂರಾಗ್ತಾನೆ. ಆ ಬಿಗುಮಾನ ಅನ್ನೋದು ಸೊಕ್ಕಲ್ಲ, ಕವಚ. ಮೇಜಿನ ಅಡಿ ತೂರಿಹೋದ ಆ ಹೆಂಗಸನ್ನ ನಾನು ಮೊದಲು ಒರಟು ಅಂದ್ಕೊಂಡಿದ್ದೆ. ಈಗ ಅನ್ಸತ್ತೆ, ಅವರು ಮಾಡಿದ್ದೇ ದೊಡ್ಡ ಉಪಕಾರ. ನನ್ನ ಫಜೀತಿಯನ್ನ ನೋಡಿಯೂ ನೋಡದ ಹಾಗೆ ಹೋದ್ರು. ನಮ್ಮ ಬಡಾವಣೆಯಲ್ಲಾಗಿದ್ರೆ ಆ ಮೇಜಿನ ಕಥೆ ಇವತ್ತಿಗೂ ಓಡ್ತಿರ್ತಿತ್ತು.

ಮಾತಾಡಿಸಲ್ಲ ಅಂದ ಮಾತ್ರಕ್ಕೆ ನಿಮ್ಮನ್ನ ನೋಡಿಲ್ಲ ಅಂತಲ್ಲ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1970ರ ದಶಕದ ಆರಂಭದಲ್ಲಿ, ಬೆಳಗ್ಗೆ ರೈಲಿಗೆ ಕಾಯ್ತಾ ನಿಂತವರ ಫೋಟೊ ತೆಗೆಸಿ, ಆಮೇಲೆ ಅದೇ ಪ್ರಯಾಣಿಕರಿಗೆ ಹಂಚಿಸಿದ್ರು. ಒಬ್ಬೊಬ್ಬರೂ ಸರಾಸರಿ ನಾಲ್ಕು ಮುಖ ಗುರುತು ಹಿಡಿದ್ರು, ಒಂದು ಮಾತೂ ಆಡದೆ ದಿನಾ ಪಕ್ಕದಲ್ಲಿ ನಿಂತಿದ್ದ ಮುಖಗಳು. ಪರಿಚಿತ ಅಪರಿಚಿತರು ಅಂತ ಅವರಿಗೆ ಹೆಸರಿಟ್ರು ಮಿಲ್‌ಗ್ರಾಮ್. ನನಗೂ ಅಂಥವರಿದ್ದಾರೆ. 8:10ರ ಬಸ್ಸಿಗೆ ಬರೋ ಹಸಿರು ಛತ್ರಿಯ ಹಿರಿಯರು ಎರಡು ದಿನ ಬರದಿದ್ರೆ ನನಗೆ ಏನೋ ಕಸಿವಿಸಿ. ಅವರ ಹೆಸರು ಗೊತ್ತಿಲ್ಲ, ಕೇಳೋ ಉದ್ದೇಶವೂ ಇಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ, ಯಾಕಂದ್ರೆ "ಯಾಕಪ್ಪಾ ಬಾಡಿಗೆ ದಂಡ, ಮನೆಯಿಂದಲೇ ಓಡಾಡು" ಅಂತ ಎಲ್ಲರೂ ಹೇಳ್ತಾರೆ. ಒಂದು ಲೆಕ್ಕ ಹಾಕಿ. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ. ತಿಂಗಳಿಗೆ 22 ದಿನ ಅಂದ್ರೆ 66 ಗಂಟೆ. ವರ್ಷಕ್ಕೆ 792 ಗಂಟೆ, ಹಗಲೂ ರಾತ್ರಿ ಸೇರಿಸಿ 33 ದಿನ. ವರ್ಷಕ್ಕೆ ಒಂದು ತಿಂಗಳ ಮೇಲೆ ನೀವು ಕಿಟಕಿಗೆ ತಲೆ ಒರಗಿಸ್ಕೊಂಡು ಕಳೀತಿದ್ದೀರಿ. ಚೆಸಾರೆ ಮಾರ್ಕೆಟ್ಟಿ ಅನ್ನೋ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಒಂದು ಮಾತು ಹೇಳಿದ್ರು. ಯಾವ ಕಾಲದ, ಯಾವ ದೇಶದ ಮನುಷ್ಯನೇ ಆಗ್ಲಿ, ದಿನಕ್ಕೆ ಒಟ್ಟು ಸುಮಾರು ಒಂದು ಗಂಟೆಯನ್ನಷ್ಟೇ ಓಡಾಟಕ್ಕೆ ಮೀಸಲಿಡ್ತಾನೆ. ಎಲ್ಲರೂ ನಡೆದೇ ಹೋಗ್ತಿದ್ದ ಕಾಲದಲ್ಲಿ ಊರಿನ ಅಗಲ ಸುಮಾರು 5 ಕಿಲೋಮೀಟರ್ ದಾಟ್ತಿರ್ಲಿಲ್ಲ, ಯಾಕಂದ್ರೆ ಗಂಟೆಗೆ ನಡೆಯೋದು ಅಷ್ಟೇ. ರೈಲು ಬಂತು, ಕಾರು ಬಂತು, ಊರು ಹಿಗ್ಗಿತು, ಆ ಒಂದು ಗಂಟೆ ಮಾತ್ರ ಹಿಗ್ಗಲಿಲ್ಲ. ಮೂರು ಗಂಟೆ ಓಡಾಡೋರು ಆ ಮಿಕ್ಕ ಎರಡು ಗಂಟೇನ ನಿದ್ದೆಯಿಂದ ಕಿತ್ತು ತರ್ಬೇಕು. ನಾನು ಒಂದು ವರ್ಷ ಹಾಗೆ ಓಡಾಡಿದವನು. ನಗರದ ಮಧ್ಯೆ ಬಾಡಿಗೆ ಕೈಗೆಟುಕಲ್ಲ ಅನ್ನೋದು ನಿಜ, ಎಲ್ಲರಿಗೂ ಆಗೋದಲ್ಲ. ಕೈಲಾಗೋದಾಗಿದ್ದೂ ಬರೀ ಬಾಡಿಗೆ ಅಂಕಿ ನೋಡಿ ಹಿಂಜರಿಯೋರು ಗಾಡಿ, ಪೆಟ್ರೋಲ್, ಈ 33 ದಿನ ಎಲ್ಲವನ್ನೂ ಆ ಕಡೆ ತಕ್ಕಡಿಗೆ ಹಾಕಿ ನೋಡಲಿ.

ಆದ್ರೆ ನಾನು ಇವತ್ತು ಕ್ಯಾಮರಾ ಆನ್ ಮಾಡಿದ್ದು ಇದಕ್ಕಲ್ಲ. ಶುಕ್ರವಾರದ ಬ್ಯಾಗ್ ಬಗ್ಗೆ ಹೇಳೋಕೆ.

ಹತ್ತಿರದಿಂದ ಬಂದವರ ಪಕ್ಕಾ ಗುರುತು ಅದು. ಶುಕ್ರವಾರ ಆಫೀಸಿಗೇ ಬ್ಯಾಗ್ ತರ್ತೀವಿ. ವಾರದ ಕೊಳೆ ಬಟ್ಟೆ ಅದರಲ್ಲಿ. ಸಂಜೆ ಅಲ್ಲಿಂದಲೇ ಮನೆಗೆ, ಸೋಮವಾರ ಬೆಳಗ್ಗೆ ಒಗೆದ ಬಟ್ಟೆ ಸಮೇತ ವಾಪಸ್. ನೆಮ್ಮದಿಯಾಗೇ ಇರತ್ತೆ. ಆದ್ರೆ ಏನಾಗತ್ತೆ ನೋಡಿ: ನಗರ ಬಾಗಿಲು ತೆರೆಯೋದು ಶನಿವಾರ ಭಾನುವಾರ. ಆಫೀಸಿನವರು "ಶನಿವಾರ ಸಿಗೋಣ್ವಾ" ಅಂತ ಕರೀತಾರೆ, ಮೊದಲ ಸಲ "ಊರಿಗೆ ಹೋಗ್ತಿದ್ದೀನಿ" ಅಂತೀರಿ, ಎರಡನೇ ಸಲ ಹಾಗೇ, ಮೂರನೇ ಸಲ ಅವರು ಕರೆಯಲ್ಲ. ನಿಮ್ಮ ಪಾಲಿಗೆ ನಗರ ಅಂದ್ರೆ ಸೋಮವಾರದಿಂದ ಗುರುವಾರದವರೆಗಿನ ಸುಸ್ತು. ಆ ಕಡೆ ಊರಾಚೆಯ ಗೆಳೆಯರಿಗೂ ನೀವು ಈಗ ನೆಂಟ. ಅತ್ತ ದರಿ, ಇತ್ತ ಪುಲಿ.

600 ಕಿಲೋಮೀಟರ್ ದೂರದವನಿಗೆ ಈ ಸೌಕರ್ಯ ಇಲ್ಲ. ಮೊದಲ ಭಾನುವಾರ ಅವನು ರೂಮಲ್ಲಿ ಅತ್ತಿರ್ತಾನೆ. ಎರಡನೇ ಭಾನುವಾರ ಬೇಜಾರಾಗಿ ಬೀದಿಗೆ ಇಳೀತಾನೆ. ಮೂರು ತಿಂಗಳಲ್ಲಿ ಅವನಿಗೆ ಚಪ್ಪಲಿ ಹೊಲಿಯೋರು ಯಾರು, ಭಾನುವಾರ ತೆರೆದಿರೋ ಔಷಧಿ ಅಂಗಡಿ ಯಾವುದು, ಯಾವ ಪಾರ್ಕಿನ ಯಾವ ಬೆಂಚಿಗೆ ಬಿಸಿಲು ಬೀಳಲ್ಲ, ಎಲ್ಲಾ ಗೊತ್ತು. ನನ್ನ ರೂಮ್‌ಮೇಟ್ ಅಂಥವನೇ. ನನಗಿಂತ ಎರಡು ತಿಂಗಳು ತಡವಾಗಿ ಬಂದವನು ನನಗೇ ದಾರಿ ಹೇಳ್ತಿದ್ದ, ನಾನು ಹುಟ್ಟಿದಾಗಿಂದ "ಗೊತ್ತಿದ್ದ" ನಗರದಲ್ಲಿ.

ನನ್ನ ಅಭಿಪ್ರಾಯ ಕಟುವಾಗಿದೆ ಅನ್ನಿಸಬಹುದು. ಮನೇಲಿ ಹುಷಾರಿಲ್ಲದವರಿದ್ರೆ, ನೋಡ್ಕೊಳ್ಳೋಕೆ ನೀವೇ ಬೇಕಿದ್ರೆ, ಈ ಮಾತು ನಿಮಗಲ್ಲ. ಮಿಕ್ಕವರು ಮೊದಲ ಮೂರು ತಿಂಗಳಲ್ಲಿ ತಿಂಗಳಿಗೆ ಒಂದೇ ಸಲ ಹೋಗಿ. ಬಟ್ಟೆ ಇಲ್ಲೇ ಒಗೀರಿ. ಅಪ್ಪ ಅಮ್ಮನ್ನ ಇಲ್ಲಿಗೆ ಕರೀರಿ, ನಿಮ್ಮ ಹತ್ತು ಬೈ ಹತ್ತರ ರೂಮಿನ ಒಂದೇ ಕುರ್ಚಿ ಮೇಲೆ ಕೂರಿಸಿ. ಅವರಿಗೂ ನೀವು ಎಲ್ಲಿ ಮಲಗ್ತೀರಿ ಅಂತ ಕಣ್ಣಿಗೆ ಕಟ್ಟಬೇಕಲ್ವಾ.

ನಾನು ಐದನೇ ತಿಂಗಳಲ್ಲಿ ಆ ಬ್ಯಾಗ್ ಬಿಟ್ಟೆ. ದೊಡ್ಡ ನಿರ್ಧಾರ ಏನಲ್ಲ, ಆ ಶುಕ್ರವಾರ ಧಾರಾಕಾರ ಮಳೆ, ಹೊರಡೋಕಾಗ್ಲಿಲ್ಲ. ಮುಂದಿನ ವಾರ ಏನೋ ಕೆಲಸ. ಅದರ ಮುಂದಿನ ವಾರ ಹಸಿರು ಪಾರ್ಕಿನ ಪಕ್ಕ ಯಾವುದೋ ಹಳೇ ಪುಸ್ತಕದ ಮಾರಾಟ. ಅಲ್ಲಿವರೆಗೆ ನನ್ನ ಕೀ ಗೊಂಚಲಲ್ಲಿ ಎರಡು ಕೀ ಇರ್ತಿತ್ತು, ಮನೇದು ಮತ್ತು ರೂಮಿಂದು. ಎರಡೂ ಹಿತ್ತಾಳೆ, ಎರಡೂ ಒಂದೇ ಉದ್ದ. ರಾತ್ರಿ ರೂಮಿನ ಬಾಗಿಲ ಮುಂದೆ ನಿಂತ್ರೆ ನನ್ನ ಕೈ ಯಾವಾಗ್ಲೂ ಮೊದಲು ಮನೆ ಕೀನೇ ತೂರಿಸ್ತಿತ್ತು. ರೂಮ್‌ಮೇಟ್ ಒಳಗಿಂದ ಆ ಕರಕರ ಸದ್ದು ಕೇಳಿ "ಬಂದ ನೋಡು" ಅಂತಿದ್ದ. ಬೇಸತ್ತು ಒಂದಿನ ಅದನ್ನ ಗೊಂಚಲಿಂದ ಬಿಚ್ಚಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ.

ಆರು ವಾರ ಆದ್ಮೇಲೆ ಮನೆಗೆ ಹೋದೆ. ಗೇಟ್ ತೆಗೆದು, ಮೆಟ್ಟಿಲು ಹತ್ತಿ, ಜೇಬಿಗೆ ಕೈ ಹಾಕ್ದೆ. ಕೀ ಮೊಳೆ ಮೇಲೇ ಇತ್ತು, 40 ಕಿಲೋಮೀಟರ್ ದೂರದಲ್ಲಿ. ಬೆಲ್ ಒತ್ತಿದೆ. ಆ ಬೆಲ್ಲಿನ ಸದ್ದು ಹೊರಗಿಂದ ಹೇಗೆ ಕೇಳತ್ತೆ ಅಂತ ನನಗೆ ಅಲ್ಲಿವರೆಗೆ ಗೊತ್ತೇ ಇರ್ಲಿಲ್ಲ. ಅಮ್ಮ ಸೆರಗಲ್ಲಿ ಕೈ ಒರೆಸ್ಕೊಳ್ತಾ ಬಂದು, ಬಾಗಿಲು ಅರ್ಧ ತೆಗೆದು ನೋಡಿ, "ಅಯ್ಯೋ ನೀನಾ, ಯಾರೋ ಅಂದ್ಕೊಂಡೆ" ಅಂದ್ರು.